ತವರು ದೂರವಿರುವ ಬಾಣಂತಿಯರಿಗೆ ಬೀದಿಯ ಹೆಂಗಸರು ಏನು ಮಾಡಬಹುದು?

ಶಿರಾ ಗೇಟ್ ಟೀಚರ್, ತುಮಕೂರು:

ಎಲ್ಲರಿಗೂ ನಮಸ್ಕಾರ. ಶಿರಾ ಗೇಟ್ ಕಡೆ ನಾವಿರುವ ಬೀದಿಯಲ್ಲಿ ಬಾಡಿಗೆ ಮನೆಗಳೇ ಹೆಚ್ಚು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸಕ್ಕೆಂದು ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯಿಂದ ಬಂದ ಎಳೆಯ ದಂಪತಿಗಳು ಒಂದೋ ಎರಡೋ ಕೋಣೆಯ ಮನೆಗಳಲ್ಲಿ ಸಂಸಾರ ಹೂಡಿದ್ದಾರೆ. ಮೊದಲ ಹೆರಿಗೆಗೆ ಹೇಗೋ ತವರಿಗೆ ಹೋಗಿ ಬರುತ್ತಾರೆ. ಎರಡನೆಯದಕ್ಕೆ ದೊಡ್ಡ ಮಗುವಿನ ಶಾಲೆ, ಗಂಡನ ಪಾಳಿ, ತವರಿನಲ್ಲಿ ತಾಯಿಯೂ ಕೂಲಿಗೆ ಹೋಗಬೇಕಾದ ಪರಿಸ್ಥಿತಿ, ಇವೆಲ್ಲ ಸೇರಿ ಅವರನ್ನು ಇಲ್ಲಿಯೇ ಉಳಿಸಿಬಿಡುತ್ತವೆ. ಆಸ್ಪತ್ರೆಯಿಂದ ಮೂರನೆಯ ದಿನ ಮನೆಗೆ ಬಂದ ಹೆಣ್ಣುಮಗಳು ಅದರ ಮರುದಿನವೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಿರುವುದು ನಮ್ಮ ಬೀದಿಯಲ್ಲಿ ಹೊಸದೇನಲ್ಲ.

ಇದನ್ನು ನೋಡಲಾರದೆ ನಾವು ಕೆಲವರು ಕೆಲಸ ಹಂಚಿಕೊಳ್ಳಲು ತೊಡಗಿದ್ದೇವೆ. ಒಬ್ಬರು ಮಧ್ಯಾಹ್ನದ ಊಟ ಕೊಡುತ್ತಾರೆ, ಒಬ್ಬರು ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಕರೆತರುತ್ತಾರೆ, ಮತ್ತೊಬ್ಬರು ಕೂಸಿನ ಬಟ್ಟೆ ಒಗೆಯುತ್ತಾರೆ, ಗಂಡನಿಗೆ ರಾತ್ರಿ ಪಾಳಿ ಇದ್ದಾಗ ಯಾರಾದರೊಬ್ಬರು ಹೋಗಿ ಮಲಗುತ್ತಾರೆ. ಇದಕ್ಕೆ ಸಂಘವೆಂಬ ಹೆಸರಿಲ್ಲ, ರಸೀದಿ ಪುಸ್ತಕವೂ ಇಲ್ಲ. ಆದರೆ ನಮ್ಮೊಳಗೇ ಎರಡು ತಕರಾರುಗಳು ಎದ್ದಿವೆ. ಹಿರಿಯರು ಪಥ್ಯ ಬಿಗಿಯಾಗಿರಬೇಕು ಎನ್ನುತ್ತಾರೆ. ಕಿರಿಯರು ಡಾಕ್ಟರು ಎಲ್ಲವನ್ನೂ ತಿನ್ನಲು ಹೇಳಿದ್ದಾರೆ ಎನ್ನುತ್ತಾರೆ. ಇವೆರಡರ ನಡುವೆ ಸಿಕ್ಕಿ ಬಾಣಂತಿಯೇ ತಟ್ಟೆ ಪಕ್ಕಕ್ಕಿಡುವುದೂ ಉಂಟು. ಎರಡನೆಯದಾಗಿ, ರಕ್ತಸಂಬಂಧವಿಲ್ಲದ ನಾವು ಎಷ್ಟರ ಮಟ್ಟಿಗೆ ಒಳಗೆ ಹೋಗಬಹುದು, ಏನಾದರೂ ಹೆಚ್ಚುಕಮ್ಮಿಯಾದರೆ ಯಾರಿಗೆ ತಿಳಿಸಬೇಕು ಎಂಬುದು ಸ್ಪಷ್ಟವಾಗಿಲ್ಲ. ಈ ಭಾಗದಲ್ಲಿ ಅನುಭವವಿರುವವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮುಳಬಾಗಿಲಿನ ಅಜ್ಜಿ:

ಟೀಚರಮ್ಮ, ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ. ನಾನು ಹೇಳುವುದನ್ನು ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನಮ್ಮ ಕಾಲದಲ್ಲಿ ಇದಕ್ಕೆ ಗುಂಪು ಕಟ್ಟಬೇಕಾಗಿರಲಿಲ್ಲ, ಏಕೆಂದರೆ ಮನೆಯಲ್ಲೇ ನಾಲ್ಕು ಜನ ಹೆಂಗಸರಿರುತ್ತಿದ್ದರು. ಬಾಣಂತಿ ಹಾಸಿಗೆಯಿಂದ ಏಳಬಾರದು ಎಂದು ಕಟ್ಟಳೆ ಮಾಡಿದವರು ಅವಳ ಪಾಲಿನ ಮುದ್ದೆಯನ್ನೂ ತಾವೇ ತಿರುವುತ್ತಿದ್ದರು, ಅವಳ ಮಕ್ಕಳನ್ನೂ ತಾವೇ ತೊಳೆಯುತ್ತಿದ್ದರು. ಈಗ ಕಟ್ಟಳೆ ಹೇಳುವ ಬಾಯಿ ಫೋನಿನಲ್ಲಿ ಬರುತ್ತದೆ, ಮುದ್ದೆ ತಿರುವುವ ಕೈ ಮಾತ್ರ ಬರುವುದಿಲ್ಲ. ಮೊಸರು ತಿನ್ನಬೇಡ, ಬದನೆಕಾಯಿ ನಂಜು, ಕುಂಬಳಕಾಯಿ ಶೀತ ಎಂದು ಊರಿನಿಂದ ಪಟ್ಟಿ ಹೇಳಿ ಫೋನ್ ಇಡುವುದು ಬಾಣಂತನವಾಗುವುದಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಬಿಡಿ ಎಂದು ನಾನು ಹೇಳಲಾರೆ. ಬಾಣಂತಿ ಖಾರ ಈಗಲೂ ನಮ್ಮ ಮನೆಯಲ್ಲಿ ಆಗುತ್ತದೆ. ಮೆಣಸು, ಜೀರಿಗೆ, ಓಮ, ಒಣಶುಂಠಿ ಇವನ್ನು ಬೇರೆಬೇರೆಯಾಗಿಯೇ ಸಣ್ಣ ಉರಿಯಲ್ಲಿ ಹುರಿಯಬೇಕು; ಒಟ್ಟಿಗೆ ಹಾಕಿದರೆ ಜೀರಿಗೆ ಸೀಯುತ್ತದೆ, ಮೆಣಸು ಹಸಿಯಾಗಿ ಉಳಿಯುತ್ತದೆ. ಬೆಳ್ಳುಳ್ಳಿಯನ್ನು ಸಿಪ್ಪೆ ಬಿಡಿಸಿ ತುಪ್ಪದಲ್ಲಿ ಕೆಂಪಗೆ ಬಾಡಿಸಿ, ಒಣಕೊಬ್ಬರಿಯನ್ನು ತುರಿದು ಬೆಚ್ಚಗೆ ಮಾಡಿ, ಉಪ್ಪು ಸೇರಿಸಿ ಎಲ್ಲವನ್ನೂ ತರಿತರಿಯಾಗಿ ಕುಟ್ಟಬೇಕು. ನುಣ್ಣಗೆ ಪುಡಿಯಾದರೆ ಗಂಟಲಿಗೆ ಹತ್ತುತ್ತದೆ. ಊಟದ ಮೊದಲ ತುತ್ತಿಗೆ ಬಿಸಿ ಅನ್ನದ ಜೊತೆ ಒಂದು ಚಮಚ ಸಾಕು. ಬಾಯಿಗೆ ರುಚಿ ಬರುತ್ತದೆ, ಒಂದಿಷ್ಟು ಅನ್ನ ಒಳಗೆ ಹೋಗುತ್ತದೆ. ಸಬ್ಬಸಿಗೆ ಸೊಪ್ಪಿನ ಸಾರು ಹಾಲು ಬರಲೆಂದು ಮಾಡುತ್ತೇವೆ.

ನೀರು ಹಾಕುವ ವಿಚಾರ. ಹರಳೆಣ್ಣೆ ತೀಡಿ, ಸೊಂಟಕ್ಕೆ ಬಿಸಿನೀರು ಹುಯ್ದು, ಮೈ ಒರೆಸಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದರೆ ಆ ಹುಡುಗಿ ಎರಡು ಗಂಟೆ ನಿದ್ದೆ ಮಾಡುತ್ತಾಳೆ. ಆ ಎರಡು ಗಂಟೆ ಕೂಸು ನನ್ನ ಮಡಿಲಿನಲ್ಲಿ. ನಿಮ್ಮ ಗುಂಪಿನ ಕಿರಿಯರಿಗೆ ಇಷ್ಟನ್ನಾದರೂ ಹೇಳಿ.

ವಾರ್ಡ್ ನರ್ಸ್, ಚಿಕ್ಕಬಳ್ಳಾಪುರ:

ಅಜ್ಜಿಯವರ ಮಾತಿಗೆ, ಅದರಲ್ಲಿಯೂ ಕೊನೆಯ ಎರಡು ಗಂಟೆಯ ನಿದ್ದೆಗೆ, ನನ್ನ ಪೂರ್ಣ ಸಮ್ಮತಿಯಿದೆ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ಅವುಗಳಲ್ಲಿ ಕೆಲವು ಅಜ್ಜಿಯವರಿಗೆ ಹಿಡಿಸದೇ ಇರಬಹುದು.

ಖಾರ, ತುಪ್ಪ, ಸಬ್ಬಸಿಗೆ ಇವುಗಳಿಂದ ತೊಂದರೆಯಿಲ್ಲ. ತೊಂದರೆಯಿರುವುದು ಖಾರದನ್ನವನ್ನೇ ಹದಿನೈದು ದಿನ ತಿನ್ನಿಸಿ ಬೇರೆಲ್ಲವನ್ನೂ ನಿಲ್ಲಿಸುವುದರಲ್ಲಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕಿಲೋ ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜು. ಅಂದರೆ ಹೆಚ್ಚುಕಡಿಮೆ ಇನ್ನೊಂದು ಹೊತ್ತಿನ ಊಟ. ಬೇಳೆ, ಮೊಟ್ಟೆ, ಸೊಪ್ಪು, ಮೊಸರು, ಹಣ್ಣು ಯಾವುದನ್ನೂ ನಿಲ್ಲಿಸಬೇಕಾಗಿಲ್ಲ. ನಮ್ಮ ಕಡೆ ಅದೃಷ್ಟವಶಾತ್ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಬಾಣಂತಿಗೆ ಮುದ್ದೆ ಅರಗುವುದಿಲ್ಲವೆಂದು ಬರೀ ಬೆಳ್ಳಗಿನ ಅನ್ನ ಹಾಕುವ ಮನೆಗಳಲ್ಲಿ ಗಂಜಿಯಾಗಿಯಾದರೂ ರಾಗಿಯನ್ನು ಕೊಡಿ.

ನೀರಿನ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ದಿನಕ್ಕೆ ಎರಡು ಲೋಟಕ್ಕೆ ಮಿತಿ ಹಾಕುವ ಅತ್ತೆಯಂದಿರನ್ನು ನಾನು ವಾರ್ಡಿನ ಬಾಗಿಲಲ್ಲೇ ನೋಡುತ್ತೇನೆ. ಇದರಿಂದ ಮಲಬದ್ಧತೆಯಾಗುತ್ತದೆ, ಉರಿಮೂತ್ರವಾಗುತ್ತದೆ, ಹೊಲಿಗೆ ಹಾಕಿಸಿಕೊಂಡವರ ಪಾಡು ಹೇಳಲಾಗದು. ಹಾಲೂಡಿಸಲು ಕುಳಿತಾಗಲೆಲ್ಲ ಕೈಗೆಟುಕುವಂತೆ ಒಂದು ಚೊಂಬು ನೀರಿಡುವುದು ನಿಮ್ಮ ಗುಂಪಿನವರು ಮಾಡಬಹುದಾದ ಅತಿ ಸುಲಭದ ಕೆಲಸ.

ಸಿಸೇರಿಯನ್ ಆದವರಿಗೆ ಹೊಟ್ಟೆಯ ಮೇಲೆ ಎಣ್ಣೆ ತೀಡಬೇಡಿ, ಗಾಯದ ಮೇಲೆ ನೀರನ್ನು ರಭಸವಾಗಿ ಹುಯ್ಯಬೇಡಿ, ಸ್ನಾನದ ನಂತರ ಆ ಜಾಗವನ್ನು ಒತ್ತದೆ ಒಣಗಿಸಿ. ಕಿಟಕಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಾಯಿ ಮಗು ಮಲಗಿದಲ್ಲೇ ಹೋಗಿಬಿಡಬಹುದು. ಸಾಂಬ್ರಾಣಿಯ ಹೊಗೆಯೂ ಕೂಸಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಬೇಕು.

ಹಾಲೂಡಿಸುವುದನ್ನು ಪಕ್ಕದಲ್ಲಿ ಕುಳಿತು ಕಲಿಸಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಶುರುವಾಗಬೇಕು, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಬಾರದು ಎಂಬುದು ಈಗ ಬಹಳ ಜನರಿಗೆ ಗೊತ್ತು. ಆದರೆ ಮನೆಗೆ ಹೋದ ಮೇಲೆ ತೊಟ್ಟು ಬಿರಿದು ರಕ್ತ ಬಂದಾಗ ಡಬ್ಬದ ಹಾಲಿಗೆ ಹೋಗುವವರು ಬಹಳ. ಕೂಸು ಬರೀ ತೊಟ್ಟನ್ನು ಚೀಪುತ್ತಿದ್ದರೆ ನೋವಾಗುತ್ತದೆ. ಕೂಸಿನ ಹೊಟ್ಟೆ ತಾಯಿಯ ಮೈಗೆ ತಾಗಿರಬೇಕು, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ತೊಟ್ಟಿನಿಂದ ಮೇಲ್ದುಟಿಯನ್ನು ಸವರಿದರೆ ಕೂಸು ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆ ಕ್ಷಣದಲ್ಲಿ ಕೂಸನ್ನು ಎದೆಯ ಕಡೆಗೆ ತರಬೇಕೇ ಹೊರತು ತಾಯಿ ಬಗ್ಗಿ ಎದೆಯನ್ನು ಕೂಸಿನ ಬಾಯಿಗೆ ತುರುಕಬಾರದು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು, ಅದರಲ್ಲೂ ಕೆಳಗಿನ ಭಾಗ, ಬಾಯೊಳಗೆ ಹೋಗಿ, ಗದ್ದ ಎದೆಗೆ ಒತ್ತಿ, ಕೆಳದುಟಿ ಹೊರಗೆ ಮಡಚಿದ್ದರೆ ಹಿಡಿತ ಸರಿಯಾಗಿದೆ ಎಂದರ್ಥ. ಆಪರೇಷನ್ ಆದವರಿಗೆ ಮಡಿಲಲ್ಲಿಟ್ಟುಕೊಳ್ಳಲು ಗಾಯ ನೋಯುತ್ತದೆ. ಅವರು ಒಂದು ಮಗ್ಗುಲಾಗಿ ಮಲಗಿಯೋ, ದಿಂಬಿನ ಮೇಲೆ ಕೂಸನ್ನಿಟ್ಟು ಅದರ ಕಾಲುಗಳು ಕಂಕುಳ ಕೆಳಗೆ ಹಿಂದಕ್ಕೆ ಬರುವಂತೆ ಹಿಡಿದೋ ಊಡಿಸಲಿ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹುಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿಲ್ಲ ಎಂದು ಯಾರು ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಪಾವಗಡದ ಆಶಾ:

ನಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತಿದೆ. ಆಸ್ಪತ್ರೆಯೇ ಇಲ್ಲದ ಊರುಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರೆಂದು ಅವರನ್ನು ಗೌರವಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಈಗ ಹೆರಿಗೆಗಳು ಆಸ್ಪತ್ರೆಗೆ ಬಂದಿವೆ, ಬರಲೇಬೇಕು. ಆದರೆ ಹೆರಿಗೆಯಾದ ಮೇಲೆ ಮನೆಬಾಗಿಲಿಗೆ ಬರುವ ಹೆಂಗಸಿನ ಜಾಗ ಖಾಲಿಯಾಗಬಾರದು ಎಂಬ ಕಾರಣಕ್ಕಾಗಿಯೇ ಆಶಾ ಕಾರ್ಯಕರ್ತೆಯರಾದ ನಮಗೆ ಮನೆಭೇಟಿಯ ಕೆಲಸ ಕೊಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ನಾವು ಹೋಗಬೇಕು. 2011ರಿಂದ ಈ ಕ್ರಮ ಇದೆ. ಕೂಸಿನ ತೂಕ, ಮೈಬಿಸಿ, ಉಸಿರು, ಹೊಕ್ಕುಳು, ಹಾಲು ಕುಡಿಯುವ ರೀತಿ ನೋಡುತ್ತೇವೆ, ತಾಯಿಗೆ ಜ್ವರ, ರಕ್ತಸ್ರಾವ ವಿಚಾರಿಸುತ್ತೇವೆ. ಆರೂ ಭೇಟಿಗಳು ಮುಗಿದ ಮೇಲೆ ಇಡೀ ಬಾಣಂತನಕ್ಕೆ ನಿಗದಿಯಾಗಿರುವ ಪ್ರೋತ್ಸಾಹಧನ 250 ರೂಪಾಯಿ. ಅದರ ಬಗ್ಗೆ ನಾವು ಬೀದಿಗಿಳಿದು ಹೇಳುತ್ತಲೇ ಇದ್ದೇವೆ, ಇಲ್ಲಿ ಬೆಳೆಸುವುದಿಲ್ಲ. ಟೀಚರ್ ಅವರ ಬೀದಿಯಂಥ ಕಡೆಗಳಲ್ಲಿ ಇನ್ನೊಂದು ತೊಡಕಿದೆ. ತಾಯಿ ಕಾರ್ಡ್ ಊರಿನಲ್ಲಿ ಆಗಿರುತ್ತದೆ, ಹೆರಿಗೆ ಇಲ್ಲಿ ಆಗುತ್ತದೆ; ಹಾಗಾಗಿ ಆ ಹುಡುಗಿ ಊರಿನ ಆಶಾಳ ಪಟ್ಟಿಯಲ್ಲಿರುತ್ತಾಳೆ, ಇಲ್ಲಿಯವಳ ಪಟ್ಟಿಯಲ್ಲಿರುವುದಿಲ್ಲ. ನಿಮ್ಮ ಬೀದಿಗೆ ಬಸುರಿ ಬಾಡಿಗೆಗೆ ಬಂದ ದಿನವೇ ನಿಮ್ಮ ವಾರ್ಡಿನ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿಬಿಡಿ. ಎಷ್ಟೋ ಕೆಲಸ ಅಲ್ಲೇ ಸರಾಗವಾಗುತ್ತದೆ.

ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ಇದೆ. ಬಸುರಿಯರಿಗೂ ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ಸಿಗುತ್ತದೆ. ಅಲ್ಲಿಗೇ ಬಂದು ಉಣ್ಣಲಿ ಎಂಬುದು ಯೋಜನೆಯ ಉದ್ದೇಶ; ಮನೆಗೆ ಕೊಟ್ಟರೆ ಅವಳ ತಟ್ಟೆಗೆ ಬರುವಷ್ಟರಲ್ಲಿ ಪಾಲಾಗುತ್ತದೆ ಎಂಬ ಅನುಮಾನ ಸುಳ್ಳೂ ಅಲ್ಲ. ಆದರೆ ಹಸಿ ಬಾಣಂತಿ ಕೂಸನ್ನೆತ್ತಿಕೊಂಡು ಬಿಸಿಲಲ್ಲಿ ಹೋಗುವುದು ಕಷ್ಟ. ಕೂಸನ್ನು ನೋಡಿಕೊಳ್ಳಲು ನಿಮ್ಮಲ್ಲೊಬ್ಬರು ಜೊತೆಗೆ ಹೋದರೆ ಅವಳು ನೆಮ್ಮದಿಯಾಗಿ ಕುಳಿತು ಉಂಡು ಬರುತ್ತಾಳೆ.

ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನು ನಿಮ್ಮ ಗುಂಪಿನ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ಅಥವಾ ದೊಡ್ಡ ಹೆಪ್ಪುಗಳು ಬಿದ್ದರೆ ಕಾಯಬೇಡಿ. ಹೆರಿಗೆಯ ನಂತರ ಹೋಗುವ ಮೈಲಿಗೆ ನೀರು ಕೆಟ್ಟ ವಾಸನೆ ಬಂದು ಚಳಿಜ್ವರ ಹತ್ತಿದರೆ ಅದು ನಂಜು; ಕಷಾಯದಲ್ಲಿ ಹೋಗುವುದಿಲ್ಲ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ಕಂಡರೆ ಬಿ.ಪಿ. ಏರಿದೆ ಎಂದು ತಿಳಿಯಿರಿ. ಹೆರಿಗೆಯಾಯಿತು, ಇನ್ನು ಫಿಟ್ಸ್ ಬರುವುದಿಲ್ಲ ಎಂದುಕೊಳ್ಳುವುದು ಬಹಳ ಅಪಾಯ, ಹೆರಿಗೆಯಾದ ಮೇಲೂ ಬರುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಅದೂ ತುರ್ತು. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಅಂಗೈ ಅಂಗಾಲು ಹಳದಿಯಾದರೆ, ನಿಮಿಷಕ್ಕೆ ಅರವತ್ತು ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರೆಳೆಯುತ್ತಿದ್ದರೆ 108ಕ್ಕೆ ಕರೆ ಮಾಡಿ. ಅತ್ತೆ ಬರಲಿ, ಗಂಡ ಪಾಳಿ ಮುಗಿಸಲಿ ಎಂದು ಕುಳಿತರೆ ಹೊತ್ತು ಮೀರುತ್ತದೆ. ಹೊರಗಿನವರು ಎಷ್ಟರ ಮಟ್ಟಿಗೆ ಒಳಗೆ ಹೋಗಬಹುದು ಎಂದು ಕೇಳಿದಿರಲ್ಲ, ಇಲ್ಲಿ ಮಾತ್ರ ಯಾರ ಅಪ್ಪಣೆಯನ್ನೂ ಕಾಯಬೇಡಿ.

ಗೌರಿಬಿದನೂರಿನ ಅಪ್ಪ:

ಗಂಡಸರು ಇಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು. ನನ್ನ ಹೆಂಡತಿಗೆ ಹೆರಿಗೆಯಾಗಿ ತಿಂಗಳು ತುಂಬಿಲ್ಲ. ಪಕ್ಕದ ಮನೆಯ ಅಕ್ಕಂದಿರು ಬಂದಾಗ ನಾನು ಹೊರಗೆ ಜಗಲಿಯಲ್ಲಿ ಕುಳಿತಿರುತ್ತೇನೆ. ಒಳಗೆ ಹೋದರೆ ಅವರಿಗೆ ಸಂಕೋಚ, ಹೋಗದಿದ್ದರೆ ಹೆಂಡತಿಗೆ ಬೇಸರ. ನಾನೇನು ಮಾಡಬೇಕು?

ಮುಳಬಾಗಿಲಿನ ಅಜ್ಜಿ:

ತಮ್ಮಾ, ಜಗಲಿಯಿಂದ ಎದ್ದು ಪಾತ್ರೆ ತೊಳಿ. ರಾತ್ರಿ ಕೂಸು ಹಾಲು ಕುಡಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸುವುದು, ಬಟ್ಟೆ ಬದಲಿಸುವುದು ನಿನ್ನ ಕೆಲಸ. ಅಕ್ಕಂದಿರು ಸಂಜೆ ಹೋಗಿಬಿಡುತ್ತಾರೆ, ಬಾಣಂತಿಗೆ ಕಷ್ಟ ಶುರುವಾಗುವುದು ಆಮೇಲೆ. ನರ್ಸಮ್ಮ, ನೀರು ಕುಡಿಯುವ ವಿಷಯ ಒಪ್ಪಿದೆ. ಮೊಸರಿಗೆ ಮಾತ್ರ ಹದಿನಾರು ದಿನ ಕಳೆಯಲಿ ಎಂದು ಈಗಲೂ ನನ್ನ ಮನಸ್ಸು ಹೇಳುತ್ತದೆ. ಅಲ್ಲಿಯವರೆಗೆ ಹಾಲು ಕುಡಿಯಲಿ, ಆಯಿತಲ್ಲ.

ಮಧುಗಿರಿ ಮಗಳು:

ಇಲ್ಲಿಯವರೆಗೆ ಊಟ, ನೀರು, ಹೊಲಿಗೆಯ ಮಾತು ಬಂತು. ನಾನು ಮನಸ್ಸಿನ ಬಗ್ಗೆ ಬರೆಯುತ್ತೇನೆ.

ನನಗೆ ಊಟಕ್ಕೆ, ಆರೈಕೆಗೆ ಏನೂ ಕೊರತೆಯಿರಲಿಲ್ಲ. ತಾಯಿ ಇದ್ದರು, ಚಿಕ್ಕಮ್ಮ ಇದ್ದರು, ತೊಟ್ಟಿಲು ಬಂದಿತ್ತು. ಆದರೂ ಕೂಸು ಅತ್ತಾಗಲೆಲ್ಲ ಅದು ಬೇರೆ ಯಾರದೋ ಮನೆಯಲ್ಲಿ ಅಳುತ್ತಿದೆ ಎನ್ನಿಸುತ್ತಿತ್ತು. ಕೂಸು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಒಮ್ಮೆ ಇದನ್ನು ಬಾಯಿ ಬಿಟ್ಟು ಹೇಳಿದ್ದಕ್ಕೆ, ಇಷ್ಟು ಜನ ಸೇವೆ ಮಾಡುತ್ತಿರುವಾಗ ನಿನಗೇನು ಧಾಡಿ ಎಂದು ಹತ್ತಿರದವರೊಬ್ಬರು ಕೇಳಿದರು. ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಯಾರಿಗೂ ಗೊತ್ತಾಗದಂತೆ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅಳುವುದು ರೂಢಿಯಾಯಿತು. ಕೊನೆಗೆ ಗುರುತು ಹಿಡಿದವರು ಬಂಧುಗಳಲ್ಲ. ಹೂವು ಕೊಡಲು ಬರುತ್ತಿದ್ದ ಹೆಂಗಸು ನನ್ನ ಮುಖ ನೋಡಿ, ಇವಳು ಬಹಳ ದಿನದಿಂದ ಒಂದೇ ಸೀರೆಯಲ್ಲಿದ್ದಾಳೆ, ತಲೆ ಬಾಚಿಲ್ಲ, ಡಾಕ್ಟರಿಗೆ ತೋರಿಸಿ ಎಂದು ನನ್ನ ತಾಯಿಗೆ ಹೇಳಿದರು.

ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಸುಮ್ಮನೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಸಾಮಾನ್ಯ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ ಎಂದು ಆಮೇಲೆ ವೈದ್ಯರು ವಿವರಿಸಿದರು. ಎರಡು ವಾರ ದಾಟಿಯೂ ಉಳಿದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆಯಿದೆ, ಹಾಲೂಡಿಸುವವರಿಗೂ ಕೊಡಬಹುದಾದ ಮಾತ್ರೆಗಳಿವೆ. ಇಲ್ಲದ ದನಿ ಕೇಳುವುದು, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಎನ್ನುವುದು, ನಿದ್ದೆಯಿಲ್ಲದೆ ಅಸಂಬದ್ಧ ಮಾತನಾಡುವುದು ಕಂಡರೆ ಅದು ಬೇರೆಯೇ. ಒಂದು ರಾತ್ರಿಯೂ ಒಬ್ಬಳನ್ನೇ ಬಿಡದೆ ಕರೆದುಕೊಂಡು ಹೋಗಬೇಕು. ಹಳಬರು ಸನ್ನಿ ಎಂದು ಬೇವಿನ ಸೊಪ್ಪು ಹಿಡಿದು ಕುಳಿತುಕೊಳ್ಳುತ್ತಿದ್ದುದು ಇದಕ್ಕೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ವಾರ್ಡ್ 2009ರಿಂದಲೂ ಇದೆ. ಅಲ್ಲಿಗೆ ಹೋಗುವ ಮೊದಲು ಮಾತನಾಡಬೇಕೆನ್ನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಹಗಲೂ ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ನಿಮ್ಮ ಗುಂಪಿನವರಲ್ಲಿ ನನ್ನ ಕೋರಿಕೆ ಒಂದೇ. ಬಾಗಿಲು ದಾಟಿದ ಕೂಡಲೇ ಎಲ್ಲರೂ ಕೂಸನ್ನು ಎತ್ತಿಕೊಳ್ಳುತ್ತಾರೆ, ಯಾರ ಹೋಲಿಕೆ ಎಂದು ನೋಡುತ್ತಾರೆ. ಒಬ್ಬರಾದರೂ ಮೊದಲು ತಾಯಿಯ ಪಕ್ಕದಲ್ಲಿ ಕುಳಿತು, ರಾತ್ರಿ ನಿದ್ದೆ ಬಂತೇ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಲಿ.

ಹಟ್ಟಿಯ ಹುಡುಗಿ, ಶಿರಾ ತಾಲ್ಲೂಕು:

ನಾನು ಗೊಲ್ಲರಹಟ್ಟಿಯವಳು, ಪದವಿ ಓದುತ್ತಿದ್ದೇನೆ. ಇಲ್ಲಿ ಎಲ್ಲರೂ ಬಾಣಂತಿಯ ಮನೆಯೊಳಗೆ ಹೋಗುವ ಬಗ್ಗೆ ಬರೆದಿದ್ದೀರಿ. ನಮ್ಮಲ್ಲಿ ಕೆಲವು ಹಟ್ಟಿಗಳಲ್ಲಿ ಬಾಣಂತಿ ಮನೆಯಲ್ಲಿಯೇ ಇರುವುದಿಲ್ಲ. ದೇವರಿಗೆ ಮೈಲಿಗೆಯಾಗುತ್ತದೆ ಎಂಬ ಭಯದಿಂದ ತಾಯಿ, ಕೂಸು ಇಬ್ಬರನ್ನೂ ಹಟ್ಟಿಯ ಹೊರಗೆ ಇಡುತ್ತಾರೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಚಳಿಯ ನಡುವೆ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ಆಗ ಬಂದ ಅಧಿಕಾರಿಗಳು, ಕ್ಯಾಮೆರಾಗಳು ಹೊರಟುಹೋದ ಮೇಲೆ ನಾವು ಅಲ್ಲೇ ಬದುಕಬೇಕಾದವರು. ಹಾಗಾಗಿ ನಮ್ಮ ಜನರನ್ನು ಬರೀ ಬೈದು ಬರೆಯುವವರನ್ನು ಕಂಡರೆ ನನಗೆ ಕೋಪವೂ ಬರುತ್ತದೆ.

ಕಾನೂನು ಇದೆ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರಿನಿಂದ ಹೊರಗಿಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ, ಅದು 2020ರಿಂದ ಜಾರಿಯಲ್ಲಿದೆ. ಆದರೆ ಒಳಗೆ ಬಾ ಎಂದು ಯಾರು ಕರೆಯಬೇಕು ಎಂಬುದು ಹಟ್ಟಿಯ ಹಿರಿಯ ಹೆಂಗಸರ ಕೈಯಲ್ಲಿದೆ. ನನ್ನ ಅತ್ತಿಗೆಗೆ ಹೆರಿಗೆಯಾದಾಗ ನನ್ನ ತಾಯಿ ಮಾತಿಗೆ ಮಾತು ಬೆಳೆಸಲಿಲ್ಲ. ಕೂಸಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದೆ, ತಾಯಿಯ ಮೈಗೆ ಮೈ ತಾಗಿಸಿ ಬೆಚ್ಚಗಿಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಹೊರಗಿಟ್ಟರೆ ಉಳಿಯುವುದಿಲ್ಲ ಎಂದು ನೆಟ್ಟಗೆ ಹೇಳಿ, ಅವಳನ್ನು ಮನೆಯ ಹಿಂದಿನ ಕೋಣೆಗೆ ಕರೆದುಕೊಂಡರು. ಕೆಲವು ಮನೆಯವರು ನಮ್ಮಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಹಬ್ಬದ ಹೊತ್ತಿಗೆ ಅವರಲ್ಲಿ ಅರ್ಧ ಜನ ಮತ್ತೆ ಬಂದರು, ಉಳಿದವರು ಇನ್ನೂ ಬಂದಿಲ್ಲ. ನಮ್ಮ ಕಡೆ ಬಾಣಂತಿಗೆ ಹೆಂಗಸರು ಕೊಡಬೇಕಾದ ಮೊದಲ ಬೆಂಬಲ ಇದು ಎಂದು ನನಗನ್ನಿಸುತ್ತದೆ. ಖಾರ, ಮೊಸರು ಆಮೇಲೆ ಮಾತನಾಡೋಣ.

ವಾರ್ಡ್ ನರ್ಸ್, ಚಿಕ್ಕಬಳ್ಳಾಪುರ:

ತಂಗಿ, ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಕಡಿಮೆ ತೂಕದ ಕೂಸಿಗೆ ಆ ಬೆಚ್ಚನೆಯ ಮೈ ಔಷಧವೇ. ತಾಯಿ ದಣಿದಾಗ ಅಜ್ಜಿಯೋ, ತಂದೆಯೋ ಎದೆಯ ಮೇಲೆ ಹಾಕಿಕೊಂಡರೂ ಆಗುತ್ತದೆ.

ಶಿಡ್ಲಘಟ್ಟದ ಆಪಾ:

ಅಸ್ಸಲಾಮು ಅಲೈಕುಂ, ಎಲ್ಲ ಅಕ್ಕಂದಿರಿಗೂ. ನಮ್ಮ ಮನೆಗಳಲ್ಲಿ ನಲವತ್ತು ದಿನದ ಚಿಲ್ಲಾ ಇದೆ. ಅಷ್ಟು ದಿನ ತಾಯಿಗೆ ಮನೆಕೆಲಸ ಇಲ್ಲ, ನಮಾಜಿನಿಂದಲೂ ವಿನಾಯಿತಿ. ಕೇಳಲು ಚೆನ್ನಾಗಿದೆ. ಆದರೆ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದಿನಗೂಲಿಗೆ ಹೋಗುವವಳಿಗೆ ನಲವತ್ತು ದಿನ ಮನೆಯಲ್ಲಿರುವುದೆಂದರೆ ನಲವತ್ತು ದಿನದ ಕೂಲಿ ಹೋದಂತೆ. ಹೆರಿಗೆ ಸೌಲಭ್ಯ ಕಾಯ್ದೆ 1961ರದು, 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಎಂದಾಗಿದೆ. ಐದಾರು ಜನ ಕೆಲಸ ಮಾಡುವ ನಮ್ಮ ಶೆಡ್ಡುಗಳಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ಕೊಡುತ್ತಾರೆ. ಅರ್ಜಿ, ಆಧಾರ್, ಬ್ಯಾಂಕ್ ಖಾತೆ ಜೋಡಿಸಲು ಓದು ಬಲ್ಲ ಒಬ್ಬರು ಜೊತೆಗಿದ್ದರೆ ಅದು ಕೈಗೆ ಬರುತ್ತದೆ. ಟೀಚರ್ ಅಕ್ಕ, ಊಟ ಕೊಡುವಷ್ಟೇ ದೊಡ್ಡ ಸಹಾಯ ಅದು.

ಎರಡು ತಿಂಗಳಿಗೇ ಕೆಲಸಕ್ಕೆ ಮರಳುವವರ ಕಷ್ಟ ಬೇರೆ. ಬೇಸಿನ್ ಮುಂದೆ ನಿಂತು ಬಿಸಿನೀರಿನಲ್ಲಿ ಗೂಡು ಕೆದಕುತ್ತಿರುವಾಗ ಹಾಲು ಕಟ್ಟಿ ಎದೆ ಕಲ್ಲಾಗುತ್ತದೆ, ಕುಪ್ಪಸ ನೆನೆಯುತ್ತದೆ, ಮೇಲೆ ಇನ್ನೊಂದು ಬಟ್ಟೆ ಹೊದ್ದುಕೊಂಡು ಕೆಲಸ ಮಾಡುತ್ತಾರೆ. ನಮ್ಮ ಗಲ್ಲಿಯಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಹೊರಡುವ ಮುನ್ನ ಕೈಯಿಂದ ಹಿಂಡಿದ ಹಾಲನ್ನು, ಮೊದಲೇ ತೊಳೆದು ನೀರಿನಲ್ಲಿ ಕುದಿಸಿಟ್ಟ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟು ಹೋಗುತ್ತಾರೆ. ನಾಲ್ಕು ಗಂಟೆಯೊಳಗೆ ಅದನ್ನು ಒಳಲೆಯಲ್ಲಿ ಕುಡಿಸುತ್ತೇವೆ, ಬಾಟಲಿ ಬಳಸುವುದಿಲ್ಲ. ಮಧ್ಯಾಹ್ನ ಒಬ್ಬರು ಕೂಸನ್ನು ಎತ್ತಿಕೊಂಡು ಶೆಡ್ಡಿಗೇ ಹೋಗುತ್ತಾರೆ. ಮೊದಮೊದಲು ಮಾಲೀಕರು ಗೊಣಗಿದರು. ಈಗ ಅವರ ಬೀಬಿಯೇ ಒಳಗೊಂದು ಕುರ್ಚಿ ಹಾಕಿಸಿದ್ದಾರೆ.

ಶಿರಾ ಗೇಟ್ ಟೀಚರ್, ತುಮಕೂರು:

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ನಮ್ಮ ಜಗಲಿಯಲ್ಲಿ ಇವನ್ನೆಲ್ಲ ಗಟ್ಟಿಯಾಗಿ ಓದಿದೆವು. ಪಥ್ಯದ ಜಗಳಕ್ಕೆ ನಾವು ಕಂಡುಕೊಂಡ ಪರಿಹಾರವೆಂದರೆ, ತಟ್ಟೆಗೆ ಏನು ಸೇರಿಸಬೇಕು ಎಂದು ಯಾರು ಬೇಕಾದರೂ ಹೇಳಬಹುದು, ಅದನ್ನು ಮಾಡಿಕೊಂಡೂ ಬರಬಹುದು. ತಟ್ಟೆಯಿಂದ ಏನನ್ನಾದರೂ ತೆಗೆಯಬೇಕೆಂದರೆ ಡಾಕ್ಟರೋ ಬಾಣಂತಿಯೋ ಹೇಳಬೇಕು. ಹಿರಿಯರಲ್ಲಿ ಒಬ್ಬರು ಮಾತ್ರ ಎದ್ದು ಹೋದರು, ಸಂಜೆ ಖಾರದ ಡಬ್ಬಿ ಕಳುಹಿಸಿದರು. ಆಶಾ ಅವರು ಬರೆದ ಅಪಾಯದ ಗುರುತುಗಳನ್ನು ದಪ್ಪಕ್ಷರದಲ್ಲಿ ಬರೆದು ಬಾಣಂತಿ ಇರುವ ಮನೆಯ ಅಡುಗೆಕೋಣೆಯಲ್ಲಿ ಅಂಟಿಸುತ್ತೇವೆ, 108 ಮತ್ತು 14416 ಸಹಿತ. ರಾತ್ರಿ ಮಲಗಲು ಹೋಗುವವರು ಅತ್ತೆಗೋ ತಾಯಿಗೋ ಮೊದಲೇ ಫೋನಿನಲ್ಲಿ ಮಾತನಾಡಿ ಪರಿಚಯ ಮಾಡಿಕೊಳ್ಳಬೇಕೆಂದೂ ಮಾತಾಗಿದೆ. ದೂರದಲ್ಲಿರುವ ತಾಯಿಗೆ ಅದು ಎಷ್ಟು ಸಮಾಧಾನ ತರುತ್ತದೆಂದು ರಾಯಚೂರಿನ ಹುಡುಗಿಯೊಬ್ಬಳು ಹೇಳಿದಳು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯಾದ ಮೇಲೂ ನುಂಗಬೇಕೇ? ಬಹಳ ಜನ ನಿಲ್ಲಿಸಿಬಿಟ್ಟಿದ್ದಾರೆ.

ಪಾವಗಡದ ಆಶಾ:

ನುಂಗಲೇಬೇಕು ಟೀಚರ್, ಹೆರಿಗೆಯಾದ ಮೇಲೆ 180 ದಿನ, ದಿನಕ್ಕೊಂದು. ಕ್ಯಾಲ್ಸಿಯಂ ಮಾತ್ರೆಯೂ ಆರು ತಿಂಗಳು, ದಿನಕ್ಕೆರಡು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ಕಾಫಿ ಟೀ ಜೊತೆಗೂ ಹಾಗೆಯೇ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜೊತೆ ಇನ್ನೊಂದು, ನಡುವೆ ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಕಬ್ಬಿಣದ ಮಾತ್ರೆ, ಜೊತೆಗೆ ನಿಂಬೆಹಣ್ಣಿನ ಪಾನಕ. ಮಲ ಕಪ್ಪಗಾದರೆ ಹೆದರಬೇಡಿ. ಮಾತ್ರೆ ಮುಗಿದಿದ್ದರೆ ತಾಯಿ ಕಾರ್ಡ್ ತೆಗೆದುಕೊಂಡು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೇರೆ ಜಿಲ್ಲೆಯ ಕಾರ್ಡ್ ಆದರೂ ಕೊಡುತ್ತಾರೆ.